ಏಳು ಫ್ರೇಮು ಮುಂದೆ

ಅಂಗಡಿಯ ಷಟರು ಇನ್ನೂ ಸೊಂಟದವರೆಗೆ ಮಾತ್ರ ಎದ್ದಿತ್ತು. ಅದರ ಕೆಳಗಿನಿಂದ ಮೊದಲು "ನನ್ನ ಮಾನ ಹೋಯ್ತು ಕಣಯ್ಯ" ಎಂಬ ಮಾತು ಒಳಗೆ ಬಂತು, ಆಮೇಲೆ ಒಂದು ಬೋಳುತಲೆ, ಕೊನೆಗೆ ಒಂದು ಊರುಗೋಲು. ಶಂಖನ ವಿಷಯದಲ್ಲಿ ಯಾವಾಗಲೂ ಹೀಗೆಯೇ. ಮಾತು ಮುಂದೆ, ಆಳು ಹಿಂದೆ. ಬಸ್ಸು ಒಂಬತ್ತಕ್ಕಿದ್ದರೆ ಎಂಟಕ್ಕೇ ಹೋಗಿ ನಿಲ್ಲುವ ಆಸಾಮಿ. ಊಟಕ್ಕೆ ಕರೆದವರ ಮನೆಯಲ್ಲಿ ಒಲೆ ಹೊತ್ತಿಸುವ ಮೊದಲೇ ಕೈ ತೊಳೆದು ಕೂತಿರುತ್ತಾನೆ. ಅವನಿಗೆ ಹೆಣ್ಣು ನೋಡಿದ ದಿನ, ಒಪ್ಪಿಗೆಯೇ ಎಂದು ಹಿರಿಯರು ಕೇಳುವಷ್ಟರಲ್ಲಿ ಒಪ್ಪಿಗೆ ಎಂದು ಕೂಗಿಬಿಟ್ಟಿದ್ದನಂತೆ. ಕೇಳಿದ್ದು ಅವನನ್ನಲ್ಲ, ನನ್ನನ್ನು ಎಂದು ಅವನ ಹೆಂಡತಿ ಈಗಲೂ ಹೇಳುತ್ತಾಳೆ.

"ಮತ್ತೆ ಹೋಯ್ತಾ?" ಎಂದ ಕತ್ತರಿ, ಸ್ಟೂಲನ್ನು ಅವನತ್ತ ತಳ್ಳುತ್ತಾ.

ಕತ್ತರಿ ಎಂದರೆ ಆ ಅಂಗಡಿಯ ಹಿಂದಿನ ಮೂಲೆಯಲ್ಲಿ ಕೂರುವ ಮುದುಕ. ಇಬ್ಬರಿಗೂ ಹೆತ್ತವರು ಇಟ್ಟ ಹೆಸರು ಬ್ಯಾಂಕಿನವರಿಗೆ ಮಾತ್ರ ಗೊತ್ತು. ಸಿನಿಮಾ ಸ್ಟುಡಿಯೋದಲ್ಲಿ ಮೂವತ್ತೈದು ವರ್ಷ ಶಂಖ ನಾಯಕರಿಗೆ ದನಿ ಕೊಟ್ಟ, ಕತ್ತರಿ ಆ ದನಿಯ ಟೇಪನ್ನು ಕತ್ತರಿಸಿ, ಅಂಟಿಸಿ, ಚಿತ್ರಕ್ಕೆ ಕೂಡಿಸಿದ. ಮುಖ ಚೆಂದ, ದನಿ ಒಡಕು ತಮಟೆ ಎನ್ನುವಂಥ ನಾಯಕರಿಗೆಲ್ಲ ಶಂಖನ ಗಂಟಲೇ ಗತಿಯಾಗಿತ್ತು. 'ಶಂಖದಿಂದ ಬಂದರೇ ತೀರ್ಥ' ಎಂದು ನಿರ್ಮಾಪಕರು ಅವನ ಬೆನ್ನು ತಟ್ಟುತ್ತಿದ್ದರು. ಶಂಖಕ್ಕೆ ನೀರು ಹೊತ್ತು ತಂದವನ ಬೆನ್ನು ಯಾರೂ ತಟ್ಟಲಿಲ್ಲ. ಬೆನ್ನು ಇದೆ ಎಂದೇ ಯಾರಿಗೂ ತಿಳಿದಿರಲಿಲ್ಲ ಎನ್ನಬೇಕು, ಏಕೆಂದರೆ ಕತ್ತರಿ ಕೆಲಸ ಮಾಡುತ್ತಿದ್ದ ಕೋಣೆಗೆ ಕಿಟಕಿ ಇರಲಿಲ್ಲ.

ಸ್ಟುಡಿಯೋ ಮುಚ್ಚಿ ಸಿಮೆಂಟಿನ ಗೋದಾಮಾಯಿತು. ಈಗ ಕತ್ತರಿ, ಮಗಳು ಮೆಟ್ಟಿಲ ಕೆಳಗಿನ ಜಾಗದಲ್ಲಿ ಇಟ್ಟುಕೊಂಡಿರುವ ಅಂಗಡಿಗೆ ದಿನವೂ ಬರುತ್ತಾನೆ. ಫೋನ್ ರಿಪೇರಿ, ಹಳೆ ಟೇಪುಗಳ ನಕಲು ಎಂದು ಬೋರ್ಡಿನ ಮೇಲೆ ದೊಡ್ಡದಾಗಿ ಬರೆದಿದೆ. 'ವಿಡಿಯೋಗೆ ದನಿ ಕೂಡಿಸಿಕೊಡಲಾಗುವುದು' ಎಂಬ ಮೂರನೆಯ ಸಾಲು ಸಣ್ಣದಾಗಿದೆ. ಅದು ಕತ್ತರಿಯ ಇಲಾಖೆ. ಜನ ಪೆನ್‌ಡ್ರೈವ್ ಹಿಡಿದು ಬರುತ್ತಾರೆ. ಡೌನ್‌ಲೋಡ್ ಮಾಡಿದ ಸಿನಿಮಾದಲ್ಲಿ ಬಾಗಿಲು ಮುಚ್ಚಿ ಎಷ್ಟೋ ಹೊತ್ತಾದ ಮೇಲೆ ಧಡ್ ಅನ್ನುತ್ತದೆ. ಹಾಡುವವಳು ಬಾಯಿ ಮುಚ್ಚಿ ನೀರು ಕುಡಿಯುತ್ತಿದ್ದರೂ ಹಾಡು ಮುಂದುವರಿದಿರುತ್ತದೆ. ಹತ್ತರಲ್ಲಿ ಒಂಬತ್ತಕ್ಕೆ ಮದ್ದು ಒಂದೇ. ಇಡೀ ಧ್ವನಿ ಎಷ್ಟು ಮುಂದೆ ಅಥವಾ ಎಷ್ಟು ಹಿಂದೆ ಇದೆ ಎಂದು ಕಂಡುಹಿಡಿದು, ಆ ಒಂದು ಅಂಕಿಯನ್ನು ಕಂಪ್ಯೂಟರಿಗೆ ಕೊಟ್ಟರೆ ಎಲ್ಲವೂ ಒಟ್ಟಿಗೆ ಸರಿದು ಜಾಗಕ್ಕೆ ಕೂರುತ್ತದೆ. ಮಗಳು ಇದನ್ನು ಚಹಾ ಕುಡಿಯುತ್ತಲೇ ಮಾಡಿಬಿಡುತ್ತಾಳೆ. ಹತ್ತನೆಯದು ಅಪ್ಪನ ಪಾಲಿಗೆ.

ಶಂಖ ಕೂತು ಉಸಿರು ಬಿಟ್ಟ.

"ಹೋದ ಭಾನುವಾರ ಬೀಗರ ಮನೇಲಿ ಊಟಕ್ಕೆ ಕರೆದಿದ್ರು. ಊಟ ಬಡಿಸ್ಕೊಂಡು ಸಿನಿಮಾ ಹಾಕಿದ್ರು. ನಂದೇ, ಆ ಕೋರ್ಟಿನ ಚಿತ್ರ. ಅಳಿಯ ಡೌನ್‌ಲೋಡ್ ಮಾಡಿ ಇಟ್ಟಿದ್ದ, ಪಾಪ, ಮಾವನಿಗೆ ಖುಷಿಯಾಗ್ಲಿ ಅಂತ. ನೋಡ್ತೀನಿ, ನಾಯಕ ಬಾಯಿ ತೆಗೆಯೋಕ್ಕೆ ಮುಂಚೆ ನಾನು ಮಾತಾಡಿಬಿಡ್ತೀನಿ. ಬೀಗರು ಹೊಟ್ಟೆ ಹಿಡ್ಕೊಂಡು ನಕ್ಕರು. 'ಬೀಗರೇ, ನಿಮ್ಮ ನಾಯಕನಿಗೆ ಮಾತು ಬಾಯಿಂದ ಬರ್ತಿತ್ತೋ ಹಣೆಯಿಂದ ಬರ್ತಿತ್ತೋ' ಅಂದ್ರು. ನನ್ನ ಮಗಳು ಅಡುಗೆಮನೆ ಸೇರ್ಕೊಂಡ್ಲು."

"ನೀನೇನಂದೆ?"

ಅದು ಮುಗಿಯುವ ಮೊದಲೇ ಶಂಖ ಉತ್ತರ ಶುರುಮಾಡಿದ್ದ. "ಮೂವತ್ತೈದು ವರ್ಷ ನನ್ನ ದನಿ ತುಟಿ ಬಿಟ್ಟು ಕೂದಲೆಳೆಯಷ್ಟು ಆಚೀಚೆ ಹೋಗಿಲ್ಲ, ಅದನ್ನ ತೋರಿಸೋವರೆಗೆ ನಿಮ್ಮನೇಲಿ ನೀರೂ ಮುಟ್ಟಲ್ಲ ಅಂದು ಎದ್ದು ಬಂದೆ. ಎಲೆ ಮುಂದಿಂದ ಎದ್ದು ಬಂದೆ ಕಣಯ್ಯ. 'ಮುಂದಿನ ಭಾನುವಾರ ನಾಲ್ಕು ಗಂಟೆಗೆ ತನ್ನಿ, ನೋಡೋಣ' ಅಂದಿದ್ದಾರೆ."

ಕೂದಲೆಳೆ ಎಂಬ ಮಾತಿಗೆ ಕತ್ತರಿಗೆ ಸ್ವಲ್ಪ ಕೆಮ್ಮು ಬಂತು.

ಬೀಗರು ನಿವೃತ್ತ ವಿಜ್ಞಾನದ ಮೇಷ್ಟ್ರು. ಶಂಖನ ಮಗಳ ಮದುವೆಯಾಗಿ ನಾಲ್ಕೇ ತಿಂಗಳು. ದಿನಕ್ಕೆರಡು ಸಲ ಫೋನ್ ಮಾಡಿ ಅಳುತ್ತಿದ್ದಾಳೆ. ಅಪ್ಪನ ಕಡೆ ಮಾತಾಡಿದರೆ ಮಾವ ನಗುತ್ತಾರೆ, ಮಾವನ ಜೊತೆ ನಕ್ಕರೆ ಅಪ್ಪ ಸತ್ತೇ ಹೋಗುತ್ತಾನೆ. ಭಾನುವಾರ ಚಿತ್ರ ಸರಿಯಿಲ್ಲದಿದ್ದರೆ ಶಂಖ ಮತ್ತೆ ಆ ಹೊಸ್ತಿಲು ತುಳಿಯುವವನಲ್ಲ. ಅವನ ಹಟ ಎಂಥದ್ದೆಂದು ಕತ್ತರಿಗೆ ಗೊತ್ತು. ಆ ದಿನ ಶುಕ್ರವಾರ.

"ಮಾಮ, ಎರಡು ನಿಮಿಷದ ಕೆಲಸ," ಎಂದು ಕತ್ತರಿಯ ಮಗಳು ಪೆನ್‌ಡ್ರೈವ್ ಸಿಕ್ಕಿಸಿದಳು.

ಧ್ವನಿಯನ್ನು ಸೆಕೆಂಡಿನ ಮೂರನೇ ಒಂದು ಭಾಗ ಹಿಂದಕ್ಕೆ ಸರಿಸಿದಳು. ನಾಯಕನ ಮೊದಲ ಮಾತು ತುಟಿಗೆ ಬಂದು ಕೂತಿತು. ಎರಡನೆಯದು ಕೂರಲಿಲ್ಲ. ಎರಡನೆಯದಕ್ಕೆ ಸರಿಮಾಡಿದರೆ ಮೊದಲನೆಯದು ಕೆಟ್ಟಿತು. ಜೊತೆಗೆ ನಾಯಕಿಯ ಮಾತು, ವಕೀಲರ ಮಾತು, ಮೊದಲು ನೆಟ್ಟಗಿದ್ದವೆಲ್ಲ ಈಗ ತಡವಾಗಿ ಬರತೊಡಗಿದವು. ಬಚ್ಚಲಿನ ತೂತು ಮುಚ್ಚಲು ಹೋಗಿ ನಲ್ಲಿ ಮುರಿದಂತಾಯಿತು. ಅವಳು ಎಲ್ಲವನ್ನೂ ಮೊದಲಿದ್ದಲ್ಲಿಗೇ ತಂದಿಟ್ಟು, ಹುಬ್ಬು ಗಂಟಿಕ್ಕಿದಳು.

"ಅಪ್ಪ, ವಿಚಿತ್ರ ಇದು. ಬೇರೆ ಎಲ್ಲರದ್ದೂ ಸರಿಯಾಗಿದೆ. ಮಾಮಂದು ಮಾತ್ರ..."

"ಶಂಖ, ಎದುರುಗಡೆ ಹೋಗಿ ಚಹಾ ಕುಡ್ಕೊಂಡು ಬಾ," ಎಂದ ಕತ್ತರಿ. ಅಷ್ಟು ಬೇಗ ಮಾತಾಡಿದ್ದು ಅವನ ಜನ್ಮದಲ್ಲೇ ಮೊದಲು.

ಶಂಖ ರಸ್ತೆ ದಾಟಿದ ಮೇಲೆ ಕತ್ತರಿ ಕಂಪ್ಯೂಟರಿನ ಮುಂದೆ ಕೂತ. ಅವನು ನೋಡುವುದು ತುಟಿಯನ್ನು. ಪ, ಬ, ಮ ಬಂದಾಗ ಎಂಥವರ ತುಟಿಯೂ ಮುಚ್ಚಲೇಬೇಕು, ದನಿಯನ್ನು ಚಿತ್ರಕ್ಕೆ ಹೊಡೆದು ಕೂರಿಸಲು ಅದೇ ಅವನ ಮೊಳೆ. ಆ ಚಿತ್ರದ ಹೆಸರಾಂತ ಮಾತು, ನಾಯಕ ಕಟಕಟೆಯಲ್ಲಿ ನಿಂತ ತಂದೆಗೆ ಹೇಳುವುದು: 'ಅಪ್ಪಾ, ನಿಮ್ಮ ಪಾಪ ನಿಮಗೇ ಇರಲಿ.' ಐದು ಸಲ ತುಟಿ ಮುಚ್ಚುತ್ತದೆ. ಸೆಕೆಂಡಿಗೆ ಇಪ್ಪತ್ತನಾಲ್ಕು ಫ್ರೇಮು. ಒಂದೊಂದು ಫ್ರೇಮೂ ಒಂದು ಬಿಡಿ ಚಿತ್ರ. ದನಿ ತುಟಿಗಿಂತ ಎಷ್ಟು ಫ್ರೇಮು ಮುಂದಿದೆ ಎಂದು ಕತ್ತರಿ ಒಂದೊಂದಾಗಿ ಸರಿಸಿ ಎಣಿಸಿದ. ಏಳು. ಎಣಿಸಿ ಮುಗಿಸುವ ಮೊದಲೇ ಏಳು ಎಂದು ಅವನ ಬೆರಳಿಗೆ ಗೊತ್ತಾಗಿತ್ತು.

ಮೇಜಿನ ಕೆಳಗಿನ ಡಬ್ಬದಲ್ಲಿ, ಒಣಗಿಹೋದ ಅಂಟು ಪಟ್ಟಿಯ ಸುರುಳಿಗಳ ಅಡಿಯಲ್ಲಿ ಅವನ ಹಳೆಯ ನೋಟುಬುಕ್ಕುಗಳಿದ್ದವು. ಕೋರ್ಟಿನ ಚಿತ್ರದ್ದನ್ನು ತೆಗೆದು ನೋಡಿದ. 'ನಾಯಕ, ಅಪ್ಪಾ ನಿಮ್ಮ ಪಾಪ, ಏಳು ಹಿಂದಕ್ಕೆ.' ಅದರ ಕೆಳಗಿನ ಸಾಲು, ಐದು ಹಿಂದಕ್ಕೆ. ಕಂಪ್ಯೂಟರಿನಲ್ಲೂ ಐದು. ಅದರ ಕೆಳಗೆ, ಒಂಬತ್ತು ಹಿಂದಕ್ಕೆ, ದೇವರೇ ಗತಿ. ಕಂಪ್ಯೂಟರಿನಲ್ಲೂ ದೇವರೇ ಗತಿ.

ಶಂಖನ ದನಿ ಒಂದು ದಿನವಾದರೂ ತುಟಿಗೆ ಕೂಡಿದ್ದಿಲ್ಲ. ಪರದೆಯ ಮೇಲೆ ನಾಯಕ ಉಸಿರೆಳೆಯುವುದನ್ನು ಕಂಡರೆ ಸಾಕು, ಇವನು ಹೇಳಿ ಮುಗಿಸಿರುತ್ತಿದ್ದ. ಮೊದಲ ಚಿತ್ರದಲ್ಲಿ ಕತ್ತರಿ ಅದನ್ನು ಹೇಳಲಿಲ್ಲ, ಶಂಖ ಹೊಸಬ, ಅವನ ಅನ್ನಕ್ಕೆ ಕಲ್ಲು ಬಿದ್ದೀತು ಎಂದು. ಅಂಥ ದನಿಯನ್ನು ಕಳೆದುಕೊಳ್ಳಲು ಅವನಿಗೂ ಮನಸ್ಸಿರಲಿಲ್ಲ, ಅದು ನಿಜ. ರಾತ್ರಿ ಹಗಲೆನ್ನದೆ ಒಂದೊಂದು ಮಾತನ್ನೂ ಕತ್ತರಿಸಿ ಹಿಂದಕ್ಕೆ ಎಳೆದು ಅಂಟಿಸಿದ. ಹತ್ತು ಚಿತ್ರವಾದ ಮೇಲೆ, ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಕೇಳಿಯಾನೆಂದು ಹೇಳಲಿಲ್ಲ. ಇಪ್ಪತ್ತಾದ ಮೇಲೆ ಶಂಖ ನಾಲ್ಕು ಜನರ ಮುಂದೆ ಕೂದಲೆಳೆಯ ಮಾತಾಡಲು ಶುರುಮಾಡಿದ್ದ. ಆಗ ಹೇಳಿದ್ದರೆ ಹೊಟ್ಟೆಕಿಚ್ಚಿನವನು ಅನ್ನಿಸಿಕೊಳ್ಳಬೇಕಿತ್ತು. ಹಾಗಂತ ಕತ್ತರಿಗೆ ಹೊಟ್ಟೆಕಿಚ್ಚು ಇರಲೇ ಇಲ್ಲವೆಂದು ನಾನು ಹೇಳುವುದಿಲ್ಲ. ಒಂದೇ ಒಂದು ಸಲ ಯಾರಾದರೂ 'ಇದು ನಿನ್ನ ಕೈ' ಎನ್ನಲಿ ಎಂದು ಅವನು ಕಾದದ್ದುಂಟು.

"ಈ ಧ್ವನಿ ನೆಟ್ಟಿಗೆ ಹೇಗೆ ಹೋಯ್ತು?" ಎಂದು ಅವನು ತನ್ನಷ್ಟಕ್ಕೇ ಎಂಬಂತೆ ಕೇಳಿದ. "ಇದು ತಿದ್ದೋ ಮುಂಚಿನ ಟೇಪು. ನೀಲಿ ಡಬ್ಬಿದು. ನಮ್ಮ ಅಟ್ಟದ ಮೇಲಿದೆ."

ಮಗಳ ಮುಖದ ಬಣ್ಣ ಇಳಿಯಿತು.

"ಅಪ್ಪ, ನೆಟ್ಟಲ್ಲಿದ್ದ ಪ್ರತೀಲಿ ಬರೀ ಗೊರಗೊರ. ಮಾತು ಯಾವುದು, ಮೀನು ಕರಿಯೋ ಸದ್ದು ಯಾವುದು ಗೊತ್ತಾಗ್ತಿರ್ಲಿಲ್ಲ. ನೀಲಿ ಡಬ್ಬಿ ಟೇಪು ಹಾಕಿ ನೋಡಿದೆ, ಮಾಮನ ದನಿ ಗಂಟೆ ಹೊಡೆದ ಹಾಗಿತ್ತು. ಅದನ್ನೇ ಚಿತ್ರಕ್ಕೆ ಕೂಡಿಸಿ ನೆಟ್ಟಿಗೆ ಹಾಕ್ದೆ, ಎಲ್ಲರೂ ಕೇಳ್ಲಿ ಅಂತ. ಹತ್ತು ನಿಮಿಷ ನೋಡಿ ಪರೀಕ್ಷೆ ಮಾಡಿದ್ದೆ. ಸರಿಯಾಗೇ ಇತ್ತು."

"ಮೊದಲ ಹತ್ತು ನಿಮಿಷ ನಾಯಕ ಇನ್ನೂ ಎಳೇ ಮಗು ಕಣಮ್ಮ. ಶಂಖ ಬರೋದೇ ಹನ್ನೊಂದನೇ ನಿಮಿಷಕ್ಕೆ."

"ಮೂವತ್ತು ಸಾವಿರ ಜನ ನೋಡಿದ್ದಾರೆ," ಎಂದಳು ಮಗಳು ಸಣ್ಣ ದನಿಯಲ್ಲಿ.

ಅಪ್ಪ ಮಗಳು ಒಬ್ಬರ ಮುಖ ಒಬ್ಬರು ನೋಡುತ್ತಿರುವಾಗಲೇ ಶಂಖ ವಾಪಸಾದ. ಚಹಾ ಆರುವವರೆಗೆ ಕಾದವನಲ್ಲ, ನಾಲಗೆ ಸುಟ್ಟುಕೊಂಡಿದ್ದ. "ಏನಂತೆ ರೋಗ? ಅವಳು ಅಂದಳಲ್ಲ, ನಂದು ಮಾತ್ರ ಅಂತ. ನಂದು ಮಾತ್ರ ಯಾಕೆ?"

ಕತ್ತರಿ ಬಾಯಿಗೆ ಬಂದದ್ದನ್ನು ಹೇಳಿದ. "ನಿನ್ನ ದನಿ ಭಾರ. ಡೌನ್‌ಲೋಡ್ ಆಗೋವಾಗ ಭಾರ ಇರೋದು ಬೇಗ ಬೀಳುತ್ತೆ. ಹಗುರ ದನಿಗಳು ನಿಧಾನಕ್ಕೆ ಇಳೀತವೆ."

ಮಗಳು ಮೇಜಿನ ಕೆಳಗೆ ಏನನ್ನೋ ಹುಡುಕಲು ಬಾಗಿದಳು, ಮೇಲೇಳಲು ಬಹಳ ಹೊತ್ತು ತೆಗೆದುಕೊಂಡಳು. ಶಂಖನಿಗೆ ಮಾತ್ರ ಆ ವಿವರಣೆ ತುಂಬ ಹಿಡಿಸಿತು. ಅಲ್ಲೇ ನಿಂತು ತನ್ನ ಮಗಳಿಗೆ ಫೋನ್ ಮಾಡಿ, ಭಾರದ ವಿಷಯವನ್ನು ಬೀಗರಿಗೂ ತಿಳಿಸಲು ಹೇಳಿದ. ಕತ್ತರಿ ಹಣೆ ಒತ್ತಿಕೊಂಡ. ವಿಜ್ಞಾನದ ಮೇಷ್ಟ್ರಿಗೆ ಇಂಥದ್ದನ್ನು ಹೇಳಿಕಳಿಸುವುದೆಂದರೆ ಹಾವಿನ ಹುತ್ತಕ್ಕೆ ತಾನೇ ಕೈ ಇಟ್ಟಂತೆ.

ಶಂಖನದು ಒಟ್ಟು ಇನ್ನೂರ ಹನ್ನೆರಡು ಮಾತು. ಒಂದೊಂದನ್ನೂ ಬಿಡಿಸಿ ಅದರದರ ಅಳತೆಗೆ ಹಿಂದಕ್ಕೆ ಎಳೆಯಬೇಕು. ಪುಣ್ಯಕ್ಕೆ ಆ ಚಿತ್ರದ ನಿರ್ಮಾಪಕನಿಗೆ ಪಿಟೀಲಿನವರನ್ನು ಕರೆಸುವ ಗತಿ ಇರಲಿಲ್ಲ, ಮಾತಿನ ಕೆಳಗೆ ಸಂಗೀತವೇ ಇರಲಿಲ್ಲ, ಆದ್ದರಿಂದ ಮಾತನ್ನು ಎಳೆದರೆ ಜೊತೆಗೆ ಬೇರೇನೂ ಕಿತ್ತುಬರುತ್ತಿರಲಿಲ್ಲ. ಅಂದು ಆ ಜಿಪುಣನನ್ನು ಬೈದದ್ದಕ್ಕೆ ಕತ್ತರಿ ಮನಸ್ಸಿನಲ್ಲೇ ಕ್ಷಮೆ ಕೇಳಿದ. ನೋಟುಬುಕ್ಕು ತೆರೆದಿಟ್ಟುಕೊಂಡು ಕೂತ. ಆಗ ಬ್ಲೇಡು ಹಿಡಿದು ಎರಡು ತಿಂಗಳು ಮಾಡಿದ್ದನ್ನು ಈಗ ಎರಡು ದಿನದಲ್ಲಿ ಮಾಡಬೇಕಿತ್ತು.

ಶಂಖ ಶನಿವಾರವೂ ಬಂದ, ಷಟರಿಗಿಂತ ಮೊದಲು. ಹಿಂದಿನ ಸ್ಟೂಲಿನಲ್ಲಿ ಕೂತು ಪ್ರತಿ ಮಾತನ್ನೂ ಪರದೆಗಿಂತ ಮುಂಚೆಯೇ ಹೇಳುತ್ತಿದ್ದ. ಹೀಗಾಗಿ ಕತ್ತರಿ ಒಂದೇ ಮಾತನ್ನು ಮೂರು ಸಲ ಕೇಳಬೇಕಾಯಿತು: ಸ್ಟೂಲಿನಿಂದ ಒಮ್ಮೆ, ಫೈಲಿನಿಂದ ಒಮ್ಮೆ, ತಿದ್ದಿದ ಮೇಲೆ ಒಮ್ಮೆ.

"ಬಾಯಿ ಮುಚ್ಕೊಂಡು ಕೂರ್ತೀಯಾ?"

"ನಾನೇನು ಮಾತಾಡ್ತಿಲ್ವಲ್ಲ," ಎಂದ ಶಂಖ, ಪ್ರಶ್ನೆಯ ಅರ್ಧದಲ್ಲಿ.

ಮಧ್ಯಾಹ್ನದ ಹೊತ್ತಿಗೆ ಕತ್ತರಿಯ ಕಣ್ಣಲ್ಲಿ ನೀರು ಸುರಿಯತೊಡಗಿತು. ಹಿತ್ತಲ ನಲ್ಲಿಗೆ ಹೋಗಿ ಮುಖ ತೊಳೆದುಕೊಂಡು ಬಂದ. ನೋಟುಬುಕ್ಕು ಇಟ್ಟಲ್ಲೇ ಇತ್ತು. ಅದರ ಮೇಲೆ ಶಂಖನ ಕನ್ನಡಕ ಇತ್ತು. ಶಂಖ ಷಟರಿನ ಬಳಿ ರಸ್ತೆಯ ಕಡೆ ಮುಖ ಮಾಡಿ ನಿಂತಿದ್ದ, ಅಲ್ಲಿ ನೋಡುವಂಥದ್ದೇನೂ ಇರಲಿಲ್ಲ.

"ಚಹಾ ಕುಡಿಯೋಣವಾ?" ಎಂದ ಕತ್ತರಿ.

ಪ್ರಶ್ನೆ ಪೂರ್ತಿ ಮುಗಿಯಿತು. ಒಂದು ಸೈಕಲ್ಲು ಹಾದುಹೋಯಿತು. ಆಮೇಲೆ ಶಂಖ "ಹೂಂ" ಎಂದ.

ಇವನಿಗೆ ಹುಷಾರಿಲ್ಲವೇನೋ ಎಂದುಕೊಂಡ ಕತ್ತರಿ. ಕನ್ನಡಕವನ್ನು ಪಕ್ಕಕ್ಕಿಟ್ಟು ಕೆಲಸಕ್ಕೆ ಕೂತ. ಆ ಸಂಜೆ ಶಂಖ ಒಂದೇ ಒಂದು ಮಾತನ್ನೂ ಮುಂಚಿತವಾಗಿ ಹೇಳಲಿಲ್ಲ, ಪರದೆಯನ್ನೂ ನೋಡಲಿಲ್ಲ. ಕತ್ತರಿಯ ಬೆರಳುಗಳನ್ನು ನೋಡುತ್ತಾ ಕೂತಿದ್ದ. ಇನ್ನೂರ ಹನ್ನೆರಡನೆಯದು ಕೂತಾಗ ಏಳೂವರೆ ಗಂಟೆ. "ನಾಳೆ ನೀನೂ ಬಾ," ಎಂದಷ್ಟೇ ಹೇಳಿ ಹೋದ.

ಭಾನುವಾರ ನಾಲ್ಕಕ್ಕೆ ಎಂದಿದ್ದರೆ ಮೂರಕ್ಕೇ ಹೋದರು. ಬೀಗರ ಮನೆಯ ಹಾಲಿನಲ್ಲಿ ಕುರ್ಚಿಗಳನ್ನು ಸಾಲಾಗಿ ಇಟ್ಟಿದ್ದರು. ಮೇಷ್ಟ್ರು ಒಂದು ಕೈಯಲ್ಲಿ ರಿಮೋಟು, ಇನ್ನೊಂದು ಕೈಯಲ್ಲಿ ಕೆಂಪು ಪೆನ್ನು ಹಿಡಿದಿದ್ದರು. ಸಿನಿಮಾ ನೋಡಲು ಪೆನ್ನು ಯಾಕೆ ಎಂದು ಯಾರೂ ಕೇಳಲಿಲ್ಲ. ಮೂವತ್ತು ವರ್ಷ ಪಾಠ ಹೇಳಿದ ಕೈ ಖಾಲಿ ಇರುವುದಿಲ್ಲ. ಶಂಖನ ಮಗಳು ಬಾಗಿಲ ಪಕ್ಕ, ಬೇಕಾದರೆ ಒಳಗೆ ಓಡಲು ಅನುಕೂಲವಾಗುವಂತೆ, ಒಂದು ಕಾಲನ್ನು ಅಡುಗೆಮನೆಯಲ್ಲಿಟ್ಟು ನಿಂತಿದ್ದಳು.

ಹನ್ನೊಂದನೇ ನಿಮಿಷ ಬಂತು. ನಾಯಕ ಬಾಯಿ ತೆರೆದ, ಮಾತು ಅಲ್ಲಿಂದಲೇ ಬಂತು. ಮೇಷ್ಟ್ರು ರಿಮೋಟು ಒತ್ತಿ ನಿಲ್ಲಿಸಿದರು, ಹಿಂದಕ್ಕೆ ಓಡಿಸಿದರು, ಮತ್ತೆ ನೋಡಿದರು. ಕೋರ್ಟಿನ ದೃಶ್ಯವನ್ನು ಮೂರು ಸಲ ನೋಡಿದರು. 'ಅಪ್ಪಾ, ನಿಮ್ಮ ಪಾಪ ನಿಮಗೇ ಇರಲಿ' ಎಂಬಲ್ಲಿ ಐದು ಸಲ ತುಟಿ ಮುಚ್ಚಿತು, ಐದು ಸಲವೂ ದನಿ ಅದರೊಳಗೇ ಮುಚ್ಚಿಕೊಂಡಿತು. ಮೂರನೆಯ ಸಲ ಮೇಷ್ಟ್ರ ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡರು. ಎಂಥ ದನಿ ಎಂದು ಮೂವತ್ತು ವರ್ಷದ ಮೇಲೆ ಕತ್ತರಿಗೆ ಮತ್ತೆ ಅನ್ನಿಸಿತು. ಇದಕ್ಕಾಗಿ ಇನ್ನೂ ಇನ್ನೂರ ಹನ್ನೆರಡು ಎಳೆಯಬಹುದಿತ್ತು.

ಚಿತ್ರ ಮುಗಿಯಿತು. ಮೇಷ್ಟ್ರು ಪೆನ್ನಿಗೆ ಮುಚ್ಚಳ ಹಾಕಿದರು.

"ಬೀಗರೇ, ನೂರಕ್ಕೆ ನೂರು. ನಕ್ಕಿದ್ದು ನನ್ನ ತಪ್ಪು."

ಮಗಳು ಓಡಿಬಂದು ನೀರಿನ ಲೋಟ ಕೊಟ್ಟಳು. ಶಂಖ ಗಟಗಟ ಕುಡಿದ. ಕೆಲಸ ಇಲ್ಲಿಗೇ ಮುಗಿದಿತ್ತು. ಎದ್ದು ಚಪ್ಪಲಿ ಹಾಕಿಕೊಂಡಿದ್ದರೆ ಈ ಕಥೆಯೂ ಮುಗಿಯುತ್ತಿತ್ತು. ಆದರೆ ಮೇಷ್ಟ್ರಿಗೆ ನೂರು ಕೊಟ್ಟ ಮೇಲೂ ಒಂದು ಪ್ರಶ್ನೆ ಉಳಿದಿರುತ್ತದೆ.

"ಒಂದು ಸಣ್ಣ ಸಂಶಯ. ದನಿ ಭಾರ ಇದ್ದಿದ್ದಕ್ಕೆ ಮುಂದೆ ಬಿತ್ತು ಅಂತ ಸೊಸೆ ಹೇಳಿದ್ಲು. ಆದ್ರೆ ಖಳನಾಯಕನ ದನಿ ನಿಮಗಿಂತ ಭಾರ ಅಲ್ವಾ? ಅವನದ್ದು ಆವತ್ತೂ ಸರಿಯಾಗೇ ಇತ್ತಲ್ಲ. ಹಾಗಾದ್ರೆ ಮೊದಲು ನೋಡಿದ್ವಲ್ಲ, ಆ ತಪ್ಪು ನಿಜವಾಗಿ ಯಾರದ್ದು?"

ಮಗಳ ಕಾಲು ಮತ್ತೆ ಅಡುಗೆಮನೆಯ ಕಡೆ ಸರಿಯಿತು. ಕತ್ತರಿ ಇದಕ್ಕೆ ಸಿದ್ಧನಾಗಿಯೇ ಬಂದಿದ್ದ. ಟೇಪು ಕೂಡಿಸುವಾಗ ನಾನೇ ಎಡವಟ್ಟು ಮಾಡಿದ್ದು, ವಯಸ್ಸಾಯಿತು, ಕೈ ನಡುಗುತ್ತದೆ ಎಂಬ ಸುಳ್ಳನ್ನು ದಾರಿಯಲ್ಲೇ ಜೋಡಿಸಿಟ್ಟುಕೊಂಡಿದ್ದ. ಮೂವತ್ತೈದು ವರ್ಷ ಸುಮ್ಮನಿದ್ದವನಿಗೆ ಇನ್ನೊಂದು ಭಾನುವಾರ ಯಾವ ಲೆಕ್ಕ? ಉಸಿರೆಳೆದುಕೊಂಡು ಬಾಯಿ ತೆರೆದ.

"ನಂದು," ಎಂದ ಶಂಖ.

ಕತ್ತರಿಯ ಬಾಯಿ ತೆರೆದಂತೆಯೇ ಇತ್ತು.

"ನಂದೇ ತಪ್ಪು ಬೀಗರೇ. ನಾನು ಯಾವಾಗ್ಲೂ ಮುಂದೇನೇ ಓಡ್ತಿದ್ದೆ. ನನಗೆ ಗೊತ್ತೇ ಇರ್ಲಿಲ್ಲ, ನಿನ್ನೆ ಇವನ ನೋಟುಬುಕ್ಕು ನೋಡಿದ ಮೇಲೆ ಗೊತ್ತಾಯ್ತು. ಮೂವತ್ತೈದು ವರ್ಷ ಇವನು ಒಂದೊಂದು ಮಾತನ್ನೂ ಹಿಡಿದು ಹಿಂದಕ್ಕೆ ಎಳೆದು ಕೂರಿಸಿದ್ದಾನೆ. ನೀವು ಈಗ ನೂರು ಕೊಟ್ರಲ್ಲ, ಅದು ಇವನ ಕೈಗೆ."

ಮೇಷ್ಟ್ರು ನಗಲಿಲ್ಲ. ಪೆನ್ನನ್ನು ಜೇಬಿಗೆ ಸಿಕ್ಕಿಸಿ, ಎದ್ದು ಬಂದು, ಕತ್ತರಿಯ ಬೆನ್ನ ಮೇಲೆ ಕೈಯಿಟ್ಟು ಎರಡು ಸಲ ತಟ್ಟಿದರು. ಶಂಖನ ಮಗಳು ಅಡುಗೆಮನೆಯಿಂದ ಪೂರ್ತಿ ಹೊರಗೆ ಬಂದು ಅಪ್ಪನ ಕುರ್ಚಿಯ ಹಿಂದೆ ನಿಂತಳು.

ಕತ್ತರಿಯ ಬೆರಳು ಅಭ್ಯಾಸಬಲದಿಂದ ತೊಡೆಯ ಮೇಲೆ ಆಗಲೇ ಎಣಿಸಿ ಮುಗಿಸಿತ್ತು. 'ನಂದು' ಎಂಬ ಆ ಮಾತು ಬಂದದ್ದು ತನ್ನ ಸುಳ್ಳಿಗಿಂತ ಸರಿಯಾಗಿ ಏಳು ಫ್ರೇಮು ಮುಂದೆ. ಇರಲಿ ಎಂದು ಬಿಟ್ಟ.